ಪೈಲಟ್ ಇಂಟರ್‌ವ್ಯೂಗೆ ನಾನು ತಯಾರಾದದ್ದು, ತಂಗಿಯ "ಯಾಕಣ್ಣ"ಗಳ ಜೊತೆ

ಮೊದಲ ಸಲ ನಾನು ಮುಗ್ಗರಿಸಿದ್ದು ತೀರಾ ಸುಲಭದ ಪ್ರಶ್ನೆಗೆ. "ಸ್ಟಾಲ್ ಅಂದರೇನು?" ಇಷ್ಟೇನಾ ಅಂತ ಒಳಗೊಳಗೇ ಖುಷಿಯಾಯಿತು. ವಿಮಾನದ ವೇಗ ಸ್ಟಾಲ್ ಸ್ಪೀಡ್‌ಗಿಂತ ಕಡಿಮೆಯಾದರೆ ಸ್ಟಾಲ್ ಆಗುತ್ತದೆ ಅಂದೆ. "ಹಾಗಾದರೆ 250 ನಾಟ್‌ನಲ್ಲಿ (ಗಂಟೆಗೆ ಸುಮಾರು 460 ಕಿಲೋಮೀಟರ್) ಹೋಗುತ್ತಿರುವ ವಿಮಾನ ಸ್ಟಾಲ್ ಆಗೋದೇ ಇಲ್ಲವಾ?" ಅಂದರು ಎದುರಿಗಿದ್ದ ಕ್ಯಾಪ್ಟನ್. ಇಲ್ಲ ಸರ್ ಅಂದೆ. ಅವರು ಏನೋ ಬರೆದುಕೊಂಡರು. ಆಮೇಲೆ ರೆಕ್ಕೆಗೆ ಲಿಫ್ಟ್, ಅಂದರೆ ಮೇಲೆತ್ತುವ ಬಲ, ಹೇಗೆ ಬರುತ್ತದೆ ಅಂದರು. ಮೇಲಿನ ಗಾಳಿಗೆ ದಾರಿ ಜಾಸ್ತಿ, ಕೆಳಗಿನದ್ದಕ್ಕೆ ಕಡಿಮೆ, ಎರಡೂ ಹಿಂದೆ ಒಟ್ಟಿಗೆ ಸೇರಬೇಕಲ್ಲ, ಅದಕ್ಕೇ ಮೇಲಿನದು ಜೋರಾಗಿ ಓಡುತ್ತದೆ ಅಂತ ಒದರಿದೆ. "ಒಟ್ಟಿಗೆ ಸೇರಬೇಕು ಅಂತ ಅವೆರಡೂ ಎಲ್ಲಿ ಮಾತಾಡಿಕೊಂಡಿದ್ದವು?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡೋದು.

ಓದದೇ ಹೋದವನಲ್ಲ ನಾನು. ಸಿಪಿಎಲ್‌ಗೆ, ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ, ಬೇಕಾದ 200 ಗಂಟೆ ಹಾರಿದ್ದೆ. ವಿಮಾನಯಾನ ನಿಯಂತ್ರಕ ಡಿಜಿಸಿಎಯ ನ್ಯಾವಿಗೇಶನ್, ರೆಗ್ಯುಲೇಶನ್, ಮೆಟಿಯರಾಲಜಿ, ಟೆಕ್ನಿಕಲ್ ಎಲ್ಲ ಪೇಪರ್ ಪಾಸಾಗಿದ್ದವು. ಅಲ್ಲಿ 70 ಪರ್ಸೆಂಟ್ ಬಂದರೆ ಸಾಕು, ಕೊಟ್ಟ ಉತ್ತರಗಳಲ್ಲಿ ಸರಿಯಾದದ್ದನ್ನು ಆರಿಸಬೇಕು. ಸರಿಯಾದದ್ದನ್ನು ಗುರುತು ಹಿಡಿಯುವುದಕ್ಕೂ, ಎದುರಿಗೆ ಕೂತವರು "ಯಾಕೆ" ಅಂದಾಗ ಬಾಯಿ ಬಿಡುವುದಕ್ಕೂ ಎಷ್ಟು ದೂರವಿದೆ ಅಂತ ಆವತ್ತು ಗೊತ್ತಾಯಿತು. ರಾತ್ರಿ ಬಸ್ಸಿಗೆ ದಾವಣಗೆರೆಗೆ ಬಂದೆ. ಅಪ್ಪ ಬೆಳಿಗ್ಗೆ ಮಂಡಕ್ಕಿ ಭಟ್ಟಿಗೆ ಹೊರಟವರು "ಏನಾಯ್ತಪ್ಪ?" ಅಂತ ಒಂದು ಮಾತು ಕೇಳಿದರು, ಮುಖ ನೋಡಿ ಸುಮ್ಮನಾದರು. ಮಂಡಕ್ಕಿ ಮಾರಿ ಕಟ್ಟುವ, ನನ್ನ ಟ್ರೇನಿಂಗ್ ಸಾಲದ ಕಂತು ಅದು, ಅವರು ಕೇಳದಿದ್ದರೂ ನನಗೆ ಕೇಳಿಸುತ್ತಿತ್ತು.

ತಂಗಿ ಆಗ ಪಿಯು ಸೈನ್ಸ್. ನಾನು ಹಾಲ್‌ನಲ್ಲಿ ಓಡಾಡುತ್ತಾ ಇಂಗ್ಲಿಷ್‌ನಲ್ಲಿ ಉತ್ತರ ಹೇಳಿಕೊಳ್ಳುವುದನ್ನು ಕೇಳಿ ಕೇಳಿ ಅವಳಿಗೆ ತಲೆ ಕೆಟ್ಟಿತ್ತು. "ಪುಸ್ತಕದಲ್ಲಿ ಇರೋದನ್ನೇ ಹೇಳ್ತಿದೀಯ ಕಣಣ್ಣ. ನನಗೆ ಕನ್ನಡದಲ್ಲಿ ಹೇಳು ನೋಡಾನ" ಅಂದಳು. ಹೇಳಲು ಹೋದೆ. ಎರಡನೇ ವಾಕ್ಯಕ್ಕೇ ನಿಂತೆ. ಇಂಗ್ಲಿಷ್‌ನಲ್ಲಿ ಹೇಳುವಾಗ ವಾಕ್ಯ ತಾನಾಗಿ ಉರುಳಿಕೊಂಡು ಹೋಗುತ್ತದೆ, ಅದರೊಳಗೆ ನನಗೆ ಗೊತ್ತಿಲ್ಲದ್ದೂ ಸೇರಿ ಹೋಗಿಬಿಡುತ್ತದೆ. ಕನ್ನಡದಲ್ಲಿ ಹೇಳಬೇಕಾದರೆ ಒಂದೊಂದು ಮಾತನ್ನೂ ನಾನೇ ಹುಡುಕಬೇಕು, ಹುಡುಕಿದಾಗ ಸಿಗದಿದ್ದರೆ ಅಲ್ಲಿ ಏನೂ ಇಲ್ಲ ಅಂತಲೇ ಅರ್ಥ. ಅಂದಿನಿಂದ ಒಂದು ಪದ್ಧತಿ ಮಾಡಿಕೊಂಡೆವು. ರಾತ್ರಿ ಊಟ ಆದ ಮೇಲೆ ದಿನಕ್ಕೊಂದು ವಿಷಯ. ಅವಳು ಮೂರು ಸಲ "ಯಾಕಣ್ಣ" ಅನ್ನಬಹುದು. ಮೂರನೆಯದಕ್ಕೆ ಉತ್ತರ ಬರದಿದ್ದರೆ ಅದು 200 ಪೇಜಿನ ನೋಟ್‌ಬುಕ್ಕಿಗೆ ಹೋಗುತ್ತದೆ. ಬರೀ ಪ್ರಶ್ನೆ, ಉತ್ತರ ಬರೆಯುವಂತಿಲ್ಲ. ಅದು ಅವಳದೇ ರೂಲ್.

ಮೊದಲ ದಿನ ಸ್ಟಾಲೇ. ರೆಕ್ಕೆ ಎದುರು ಬರುವ ಗಾಳಿಗೆ ಎಷ್ಟು ಓರೆಯಾಗಿದೆ ಅನ್ನುವುದು ಆಂಗಲ್ ಆಫ್ ಅಟ್ಯಾಕ್. ಸಾಮಾನ್ಯ ರೆಕ್ಕೆಗೆ ಸುಮಾರು 15, 16 ಡಿಗ್ರಿವರೆಗೆ ಓರೆ ಹೆಚ್ಚಿದಷ್ಟೂ ಲಿಫ್ಟ್ ಹೆಚ್ಚುತ್ತದೆ. ಅದರಾಚೆ ಗಾಳಿಗೆ ರೆಕ್ಕೆಯ ಬೆನ್ನನ್ನು ಹಿಡಿದುಕೊಂಡು ಹೋಗಲು ಆಗುವುದಿಲ್ಲ, ಬಿಟ್ಟು ಹಾರುತ್ತದೆ. ಲಿಫ್ಟ್ ಕುಸಿಯುತ್ತದೆ. ಅದು ಸ್ಟಾಲ್. ವೇಗದ ಮಾತೇ ಬರಲಿಲ್ಲ ನೋಡಿ. "ಹಂಗಂದ್ರೆ ಸ್ಟಾಲ್ ಸ್ಪೀಡ್ ಅಂತ ಯಾಕಣ್ಣ ಬರೆದಿರ್ತಾರೆ?" ನೇರವಾಗಿ, ಒಂದೇ ಎತ್ತರದಲ್ಲಿ, ಇಂತಿಷ್ಟು ತೂಕದಲ್ಲಿ ಹೋಗುವಾಗ ಯಾವ ವೇಗಕ್ಕೆ ಇಳಿದರೆ ಆ ಕೋನ ಮುಟ್ಟುತ್ತೀವಿ ಅನ್ನುವ ಲೆಕ್ಕ ಅದು. ತೂಕ 20 ಪರ್ಸೆಂಟ್ ಹೆಚ್ಚಾದರೆ ಆ ವೇಗ ಸುಮಾರು ಒಂಬತ್ತೂವರೆ ಪರ್ಸೆಂಟ್ ಏರುತ್ತದೆ, ಯಾಕೆಂದರೆ ಲಿಫ್ಟ್ ವೇಗದ ವರ್ಗದ ಮೇಲೆ ನಿಂತಿದೆ. ತಿರುವಿನಲ್ಲೂ ಏರುತ್ತದೆ. "ತಿರುಗಿದ್ರೆ ವಿಮಾನದ ತೂಕ ಹೆಚ್ಚಾಗುತ್ತಾ?" ಊಟದ ತಟ್ಟೆ ಓರೆ ಮಾಡಿ ತೋರಿಸಿದೆ. ರೆಕ್ಕೆ ವಾಲಿದಾಗ ಲಿಫ್ಟೂ ಜೊತೆಗೆ ವಾಲುತ್ತದೆ, ತೂಕ ಹೊರಲು ಅದರ ಒಂದು ಪಾಲು ಮಾತ್ರ ಸಿಗುತ್ತದೆ. 60 ಡಿಗ್ರಿ ವಾಲಿದರೆ ಸಿಗುವುದು ಅರ್ಧ, ಹಾಗಾಗಿ ಒಟ್ಟು ಲಿಫ್ಟ್ ಎರಡರಷ್ಟು ಬೇಕು. 50 ನಾಟ್ ಇದ್ದ ಸ್ಟಾಲ್ ಸ್ಪೀಡ್ 71 ಆಗುತ್ತದೆ. ರನ್‌ವೇಗೆ ತಿರುಗುವ ಕೊನೆಯ ತಿರುವಿನಲ್ಲಿ, ಕಡಿಮೆ ಎತ್ತರದಲ್ಲಿ, ಜಾಸ್ತಿ ವಾಲಿಸಬೇಡ ಅಂತ ಇನ್‌ಸ್ಟ್ರಕ್ಟರ್ ಬಯ್ಯುತ್ತಿದ್ದುದು ಯಾಕೆ ಅಂತ ನನಗೆ ನಿಜವಾಗಿ ತಲೆಗೆ ಹೋದದ್ದು ಆ ತಟ್ಟೆ ಹಿಡಿದಾಗ. 200 ಗಂಟೆ ಹಾರಿದ ಮೇಲೆ!

ಲಿಫ್ಟ್‌ಗೆ ಎರಡು ರಾತ್ರಿ ಹಿಡಿಯಿತು. ಮೇಲಿನ ಗಾಳಿ, ಕೆಳಗಿನ ಗಾಳಿ ಒಟ್ಟಿಗೆ ಸೇರುವುದೇ ಇಲ್ಲ. ಮೇಲಿನದು ಮೊದಲೇ ಹಿಂಬದಿ ತಲುಪಿರುತ್ತದೆ. ರೆಕ್ಕೆ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ದೂಡುತ್ತದೆ. ರೆಕ್ಕೆಯ ಮೇಲೆ ಒತ್ತಡ ಕಡಿಮೆ, ಕೆಳಗೆ ಜಾಸ್ತಿ. ಒತ್ತಡದ ಲೆಕ್ಕ ಹೇಳುವ ಬರ್ನೂಲಿನಾ, ದೂಡುವ ಲೆಕ್ಕ ಹೇಳುವ ನ್ಯೂಟನ್ನಾ ಅಂತ ಜಗಳ ಆಡುವವರು ಬಹಳ ಜನ, ಎರಡೂ ಒಂದೇ ಸಂಗತಿಯ ಎರಡು ಲೆಕ್ಕ ಅಷ್ಟೇ. ತಂಗಿ ಕೇಳಿದ್ದು ಒಂದೇ: "ಮೇಲೆ ಉಬ್ಬಿರೋದ್ರಿಂದಲೇ ಹಾರೋದಾದ್ರೆ, ತಲೆಕೆಳಗಾಗಿ ವಿಮಾನ ಹೆಂಗೆ ಹಾರುತ್ತಣ್ಣ?" ಹಳೆಯ ಉತ್ತರ ಅಲ್ಲೇ ಸತ್ತಿತು.

ಆ ನಡುವೆ ಚಿತ್ರದುರ್ಗದಲ್ಲಿ ನೆಂಟರ ಮದುವೆ. ದುರ್ಗದ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಚಿಕ್ಕಂದಿನಿಂದ ನೋಡಿದವನು ನಾನು. ಆದರೆ ಆವತ್ತು ಹೆದ್ದಾರಿ ಪಕ್ಕದ ಡಾಬಾ ಮುಂದೆ ಉದ್ದದ ಟ್ರೇಲರ್ ಮೇಲೆ ಒಂದು ಬ್ಲೇಡ್ ಮಲಗಿತ್ತು, ಹತ್ತಿರ ಹೋಗಿ ನೋಡಿದೆ. ಬುಡದಿಂದ ತುದಿಗೆ ತಿರುಚಿಕೊಂಡೇ ಹೋಗಿದೆ. ತುದಿ ಬುಡಕ್ಕಿಂತ ಎಷ್ಟೋ ಪಟ್ಟು ಜೋರಾಗಿ ಸುತ್ತುತ್ತದೆ, ಅಲ್ಲಿಗೆ ಗಾಳಿ ಬರುವ ದಿಕ್ಕೇ ಬೇರೆ, ಎಲ್ಲ ಕಡೆ ಸರಿಯಾದ ಆಂಗಲ್ ಆಫ್ ಅಟ್ಯಾಕ್ ಸಿಗಬೇಕಾದರೆ ತಿರುಚಲೇಬೇಕು. ಪ್ರೊಪೆಲ್ಲರ್‌ನಲ್ಲಿ ಇರುವುದೂ ಇದೇ. ವಿಮಾನದ ರೆಕ್ಕೆಯಲ್ಲಿ ತಿರುಚು ಇಡುವುದಕ್ಕೆ ಇನ್ನೊಂದು ಕಾರಣ ಇದೆ. ವಾಷ್‌ಔಟ್ ಅನ್ನುತ್ತಾರೆ. ತುದಿಯ ಓರೆ ಕಡಿಮೆ ಇಟ್ಟರೆ ಬುಡ ಮೊದಲು ಸ್ಟಾಲ್ ಆಗುತ್ತದೆ, ತುದಿಯಲ್ಲಿರುವ ಏಲರಾನ್ (ವಿಮಾನವನ್ನು ಎಡಬಲಕ್ಕೆ ವಾಲಿಸುವ ಪಟ್ಟಿ) ಇನ್ನೂ ಮಾತು ಕೇಳುತ್ತಿರುತ್ತದೆ. ಗಾಳಿ ವಿಪರೀತವಾದರೆ ಗುಡ್ಡದ ಮೇಲಿನ ಯಂತ್ರ ಬ್ಲೇಡನ್ನು ಗಾಳಿಗೆ ಅಂಚು ಕೊಟ್ಟು ತಿರುಗಿಸಿ ನಿಲ್ಲಿಸುತ್ತದೆ, ಅವಳಿ ಇಂಜಿನ್ ಟ್ರೇನಿಂಗ್‌ನಲ್ಲಿ ನಾನು ಮಾಡಿದ ಫೆದರಿಂಗ್ ಅದೇ. ಮದುವೆ ಮನೆಗೆ ಹೋಗುವಾಗ ಪ್ಯಾಂಟ್ ತುಂಬಾ ಧೂಳು, ಅಮ್ಮನಿಂದ ಬೈಸಿಕೊಂಡೆ.

ಡೆನ್ಸಿಟಿ ಆಲ್ಟಿಟ್ಯೂಡ್, ಅಂದರೆ ಗಾಳಿ ತೆಳುವಾದಷ್ಟೂ ವಿಮಾನಕ್ಕೆ ಅನಿಸುವ ಎತ್ತರ, ನಮ್ಮೂರಲ್ಲೇ ಕಲಿತೆ. ದಾವಣಗೆರೆಗೆ ವಿಮಾನ ನಿಲ್ದಾಣ ಇಲ್ಲ, ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ಹೋಗಬೇಕು. ಇರಲಿ, ಇದೆ ಅಂತಲೇ ಇಟ್ಟುಕೊಂಡೆ. ಊರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ಅಂದರೆ ಹತ್ತಿರ ಹತ್ತಿರ 2000 ಅಡಿ. ಸ್ಟ್ಯಾಂಡರ್ಡ್ ಲೆಕ್ಕದಲ್ಲಿ ಸಮುದ್ರಮಟ್ಟಕ್ಕೆ 15 ಡಿಗ್ರಿ, ಸಾವಿರ ಅಡಿಗೆ 2 ಡಿಗ್ರಿಯಂತೆ ಇಳಿದರೆ ನಮ್ಮೂರಲ್ಲಿ 11 ಇರಬೇಕು. ಏಪ್ರಿಲ್ ಮಧ್ಯಾಹ್ನ 38 ಇದೆ ಅನ್ನಿ. ವ್ಯತ್ಯಾಸ 27, ಡಿಗ್ರಿಗೆ 120 ಅಡಿಯಂತೆ 3240. ಒಟ್ಟು 5240 ಅಡಿ. ಮನೆ ಬಾಗಿಲಲ್ಲಿ ನಿಂತಿದ್ದರೂ ವಿಮಾನಕ್ಕೆ ಬೆಟ್ಟದ ಮೇಲೆ ನಿಂತ ಹಾಗೆ. ಇಂಜಿನ್ ಬಲ ಕಡಿಮೆ, ರನ್‌ವೇ ಜಾಸ್ತಿ ಬೇಕು, ಮೇಲೇರುವುದು ನಿಧಾನ. ಮೂಗು ಎತ್ತುವಾಗ ಮೀಟರ್‌ನಲ್ಲಿ ಕಾಣುವ ವೇಗ ಮಾತ್ರ ಅದೇ 55 ನಾಟ್, ಆದರೆ ನೆಲದ ಮೇಲೆ ಓಡುತ್ತಿರುವುದು ಸುಮಾರು 59ರಲ್ಲಿ. ಮೀಟರೂ ರೆಕ್ಕೆಯೂ ತಿಳಿಯುವುದು ಒಂದೇ ತೆಳು ಗಾಳಿಯನ್ನು, ಅದಕ್ಕೆ. ತಂಗಿ ಇದಕ್ಕೆ ಒಂದೇ "ಯಾಕಣ್ಣ"ಗೆ ಸುಮ್ಮನಾದಳು, ಕರೆಂಟ್ ಹೋಗಿತ್ತು, ಸೆಖೆ.

ಚಳ್ಳಕೆರೆಯನ್ನೂ ಬಿಡಲಿಲ್ಲ. ಅಲ್ಲಿ ಡಿಆರ್‌ಡಿಒದ ಏರೋನಾಟಿಕಲ್ ಟೆಸ್ಟ್ ರೇಂಜ್ ಇದೆ. 2023ರ ಏಪ್ರಿಲ್ 2ರಂದು ಇಸ್ರೋದವರು ಅಲ್ಲಿ ರೆಕ್ಕೆಯಿರುವ ಮರುಬಳಕೆಯ ವಾಹನವನ್ನು ಚಿನೂಕ್ ಹೆಲಿಕಾಪ್ಟರ್‌ನಿಂದ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟು ತಾನಾಗೇ ರನ್‌ವೇಗೆ ಇಳಿಸಿದರು. ಇಳಿಯುವ ವೇಗ ಗಂಟೆಗೆ 350 ಕಿಲೋಮೀಟರ್. ಪ್ರಯಾಣಿಕರ ವಿಮಾನ ಎ320 ಇಳಿಯುವುದು ಸುಮಾರು 250ರಲ್ಲಿ. ಯಾಕೆ ಅಷ್ಟು ಜೋರು? ಬಾಹ್ಯಾಕಾಶದಿಂದ ಬರಬೇಕಾದ ಆಕಾರಕ್ಕೆ ಗಿಡ್ಡ ರೆಕ್ಕೆ, ಡ್ರ್ಯಾಗ್‌ಗೆ (ಗಾಳಿ ಹಿಂದಕ್ಕೆ ಎಳೆಯುವ ಬಲ) ಹೋಲಿಸಿದರೆ ಲಿಫ್ಟ್ ಕಡಿಮೆ, ಹಾಗಾಗಿ ಕಡಿದಾಗಿ ಇಳಿಯಬೇಕು, ತೂಕ ಹೊರಲು ವೇಗವೇ ಗತಿ. ಅಲ್ಲಿಂದ ಗ್ಲೈಡ್ ರೇಷಿಯೋಗೆ ಬಂದೆವು, ಅಂದರೆ ಇಂಜಿನ್ ಇಲ್ಲದೆ ಒಂದು ಅಡಿ ಇಳಿಯುವಷ್ಟರಲ್ಲಿ ಎಷ್ಟು ಅಡಿ ಮುಂದೆ ಹೋಗುತ್ತದೆ ಅನ್ನುವುದು. ನಾನು ಕಲಿತ ಸೆಸ್ನಾ 172ಕ್ಕೆ ಅದು ಸುಮಾರು 9. ಇಂಜಿನ್ ನಿಂತರೆ 6000 ಅಡಿಯಿಂದ 9 ನಾಟಿಕಲ್ ಮೈಲು ಹೋಗಬಹುದು. ಇಂಟರ್‌ವ್ಯೂಗಳಲ್ಲಿ ಇದನ್ನು ತಿರುಗಿಸಿ ಕೇಳುತ್ತಾರೆ: ಒಂದೇ ಬಗೆಯ ಎರಡು ವಿಮಾನ, ಒಂದು ಭಾರ, ಒಂದು ಹಗುರ, ಯಾವುದು ದೂರ ಹೋಗುತ್ತದೆ? ಗಾಳಿ ಬೀಸದಿದ್ದರೆ ಎರಡೂ ಒಂದೇ ದೂರ. ಭಾರದ್ದು ಜಾಸ್ತಿ ವೇಗದಲ್ಲಿ ಹೋಗಿ ಮೊದಲು ಮುಟ್ಟುತ್ತದೆ, ಅಷ್ಟೇ. ಹಗುರದ್ದು ಅಂತ ಹೇಳಿ ಕೆಟ್ಟವರು ನನ್ನ ಬ್ಯಾಚ್‌ನಲ್ಲೇ ಇದ್ದಾರೆ.

ಒಂದು ಪ್ರಶ್ನೆಗೆ ಮಾತ್ರ ಮಹಡಿ ಹತ್ತಬೇಕಾಯಿತು. ಏಲರಾನ್ ಹಾಕಿದಾಗ ಮೇಲೇಳುವ ರೆಕ್ಕೆಯ ಡ್ರ್ಯಾಗ್ ಜಾಸ್ತಿಯಾಗಿ ಮೂಗು ಉಲ್ಟಾ ಕಡೆ ಎಳೆಯುತ್ತದೆ, ಅಡ್ವರ್ಸ್ ಯಾ, ಅದಕ್ಕೇ ರಡ್ಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ) ಬೇಕು ಅಂದೆ. "ಹದ್ದಿಗೆ ರಡ್ಡರ್ ಎಲ್ಲಿದೆಯಣ್ಣ?" ಸಂಜೆ ಇಬ್ಬರೂ ತಾರಸಿ ಮೇಲೆ ಕೂತು ನೋಡಿದೆವು. ತಿರುಗುವಾಗ ಹದ್ದು ಬಾಲವನ್ನೇ ಓರೆಯಾಗಿ ತಿರುಚುತ್ತದೆ. ಪಕ್ಕದ ಮನೆಯವರು ಕೆಲಸ ಸಿಗದೆ ಹುಡುಗ ಹದ್ದು ನೋಡ್ತಾ ಕೂತಿದಾನೆ ಅಂದುಕೊಂಡಿರಬೇಕು.

ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ ಪ್ರಶ್ನೆ ಪಿಡಿಎಫ್‌ಗಳ ಬಗ್ಗೆ ಒಂದು ಮಾತು. ಪ್ರಶ್ನೆ ನೋಡಿ, ಉತ್ತರ ನಂಬಬೇಡಿ. ಎಷ್ಟೋ ತಪ್ಪಿವೆ. ಕಂಪನಿಯಲ್ಲಿ ಎಷ್ಟು ವಿಮಾನ ಇವೆ, ಯಾವ ಊರಿಗೆ ಎಷ್ಟು ಫ್ಲೈಟ್ ಅಂತ ನಾನು ಒಂದು ವಾರ ಬಾಯಿಪಾಠ ಮಾಡಿದೆ, ಯಾರೂ ಕೇಳಲಿಲ್ಲ. ಅದರ ಬದಲು ಹಾರಿದ ಗಂಟೆ ಬರೆದಿಡುವ ಲಾಗ್‌ಬುಕ್‌ನ ಮೊತ್ತ ಕೂಡಿ ನೋಡಿ. ನನ್ನದರಲ್ಲಿ ಒಂದು ಪುಟದ ಮೊತ್ತ ಮುಂದಿನ ಪುಟಕ್ಕೆ ತಪ್ಪಾಗಿ ಹೋಗಿ ಒಂದು ಗಂಟೆ ಹತ್ತು ನಿಮಿಷ ಸುಮ್ನೆ ಹೆಚ್ಚಿತ್ತು. ಮೇಜಿನ ಮೇಲೆ ಅವರೇ ಹಿಡಿದಿದ್ದರೆ ಏರೋಡೈನಾಮಿಕ್ಸ್ ಎಲ್ಲ ನೀರಲ್ಲಿ ಹೋಮ. ಸೈಕೋಮೆಟ್ರಿಕ್ ಟೆಸ್ಟ್‌ಗೆ ನಿದ್ದೆ ಚೆನ್ನಾಗಿ ಮಾಡಿ ಹೋಗಿ, ಜಾಯ್‌ಸ್ಟಿಕ್ ಕೈಗೆ ರೂಢಿ ಇರಲಿ, ಅದಕ್ಕಿಂತ ನನಗೆ ಹೇಳಲು ಏನಿಲ್ಲ. ಗುಂಪು ಚರ್ಚೆಯಲ್ಲಿ ಜೋರಾಗಿ ಮಾತಾಡಿದವರು ಉಳಿಯಲಿಲ್ಲ.

ಎರಡನೇ ಸಲ ಬೇರೆ ಕಂಪನಿ. ಊರು ದಾವಣಗೆರೆ ಅಂದ ಕೂಡಲೇ ಒಬ್ಬರು ಬೆಣ್ಣೆದೋಸೆ ಅಂದರು, ಯಾವಾಗಲೂ ಅಷ್ಟೇ. ಹತ್ತಿರದಲ್ಲಿ ಎಟಿಆರ್ ಇದೆ ಅಂದೆ, ಚಳ್ಳಕೆರೆಯ ಟೆಸ್ಟ್ ರೇಂಜ್ ಮನಸ್ಸಿನಲ್ಲಿತ್ತು. ಅವರು ಎಟಿಆರ್ 72 ವಿಮಾನ ಅಂದುಕೊಂಡು "ನಿಮ್ಮೂರಿಗೆ ಎಟಿಆರ್ ಬರುತ್ತಾ?" ಅಂದರು. ಅದು ಬಿಡಿಸುವಷ್ಟರಲ್ಲಿ ಎದೆಬಡಿತ ಇಳಿದಿತ್ತು. ಡೆನ್ಸಿಟಿ ಆಲ್ಟಿಟ್ಯೂಡ್‌ಗೆ ಉದಾಹರಣೆ ಕೇಳಿದಾಗ ನಮ್ಮೂರಿನ ಏಪ್ರಿಲ್ ಹೇಳಿದೆ, ಪೆನ್ನು ತಗೊಂಡು ಲೆಕ್ಕ ಹಾಕಿ ನೋಡಿದರು. ಸ್ಟಾಲ್ ಕೇಳಲೇ ಇಲ್ಲ! ಮ್ಯಾಕ್ ಟಕ್ ಹತ್ತಿರ ಬಂದಾಗ ಸಿಕ್ಕಿಕೊಂಡೆ. ಮೂಗು ಕೆಳಗಾಗುತ್ತದೆ ಅಂತ ಗೊತ್ತು, ಯಾಕೆ ಅಂತ ಗೊತ್ತಿಲ್ಲ ಸರ್ ಅಂದೆ. ಶಬ್ದದ ವೇಗ ಸಮೀಪಿಸಿದಾಗ ರೆಕ್ಕೆಯ ಒತ್ತಡದ ಕೇಂದ್ರ ಹಿಂದಕ್ಕೆ ಸರಿಯುತ್ತದೆ ಅಂತ ಅವರೇ ಹೇಳಿಕೊಟ್ಟರು, ನಾನು ತಲೆಯಾಡಿಸಿ ಇನ್ನೊಂದು ಪ್ರಶ್ನೆಯನ್ನೂ ಕೇಳಿಬಿಟ್ಟೆ. ತಂಗಿಯ ಚಾಳಿ ಅಂಟಿತ್ತು.

ಕ್ಯಾಪ್ಟನ್ ರನ್‌ವೇ ಕಾಣದಿದ್ದರೂ ಮಿನಿಮಮ್ಸ್‌ಗಿಂತ (ರನ್‌ವೇ ಕಾಣದೆ ಇಳಿಯಬಹುದಾದ ಕೊನೆಯ ಎತ್ತರ) ಕೆಳಗೆ ಇಳಿಸುತ್ತಿದ್ದರೆ ಏನು ಮಾಡುತ್ತೀಯ ಅನ್ನುವುದು ಹೆಚ್ಚುಕಮ್ಮಿ ಎಲ್ಲರಿಗೂ ಬರುತ್ತದೆ. ಗೋ ಅರೌಂಡ್ (ಇಳಿಯುವುದು ಬಿಟ್ಟು ಮತ್ತೆ ಮೇಲೇರು) ಅಂತ ಹೇಳುತ್ತೇನೆ, ಮತ್ತೆ ಹೇಳುತ್ತೇನೆ, ಕೇಳದಿದ್ದರೆ ಕಂಟ್ರೋಲ್ ತಗೊಳ್ಳುತ್ತೇನೆ ಅಂದೆ. ನಮ್ಮ ಕಡೆಯ ಹುಡುಗರು ದೊಡ್ಡವರ ಮಾತಿಗೆ ಎದುರಾಡಬಾರದು ಅಂತ ಬೆಳೆದವರು, ಈ ಉತ್ತರವನ್ನು ಬಾಯಿಬಿಟ್ಟು ಹೇಳಿ ರೂಢಿ ಮಾಡಿಕೊಳ್ಳಲೇಬೇಕು.

ಸಿಮ್ ಚೆಕ್‌ನಲ್ಲಿ, ಅಂದರೆ ಸಿಮ್ಯುಲೇಟರ್ ಪರೀಕ್ಷೆಯಲ್ಲಿ, ಆಟೋಪೈಲಟ್ ಇಲ್ಲದೆ ಎತ್ತರ, ವೇಗ, ದಿಕ್ಕು ಹಿಡಿದು ತೋರಿಸು ಅಂದರು. ಮೂಗು ಇಷ್ಟು, ಪವರ್ ಇಷ್ಟು ಅಂತ ಇಟ್ಟು ಟ್ರಿಮ್ ಮಾಡಿ ಕಾದರೆ ಅದು ತಾನೇ ಕೂರುತ್ತದೆ. ಒಂದು ಸಲ 200 ಅಡಿ ತಪ್ಪಿದೆ, "ಕರೆಕ್ಟಿಂಗ್" ಅಂತ ಬಾಯಲ್ಲಿ ಹೇಳಿ ಸರಿ ಮಾಡಿದೆ. ಹದಿನೆಂಟು ದಿನಕ್ಕೆ ಮೇಲ್ ಬಂತು. ಅಪ್ಪ ಭಟ್ಟಿಯಿಂದಲೇ ಫೋನ್‌ನಲ್ಲಿ "ಸರಿ ಬಿಡು" ಅಂದರು, ಆಮೇಲೆ ಸಂಜೆ ಒಂದು ಚೀಲ ಮಂಡಕ್ಕಿಯನ್ನು ಇಡೀ ಬೀದಿಗೆ ಹಂಚಿದರಂತೆ.

ಈಗ ಎ320 ಟೈಪ್ ರೇಟಿಂಗ್, ಅಂದರೆ ಆ ಒಂದು ಬಗೆಯ ವಿಮಾನ ಹಾರಿಸುವ ತರಬೇತಿ, ನಡೆಯುತ್ತಿದೆ. ನೋಟ್‌ಬುಕ್ ಹರಿಹರದ ಒಬ್ಬ ಜೂನಿಯರ್ ತಗೊಂಡು ಹೋಗಿದ್ದಾನೆ. ಮೊನ್ನೆ ಫೋನ್ ಮಾಡಿ, "ಅಣ್ಣ, ಇದರಲ್ಲಿ ಬರೀ ಪ್ರಶ್ನೆ ಇದೆಯಲ್ಲ, ಉತ್ತರದ್ದು ಬೇರೆ ಬುಕ್ ಇದ್ಯಾ?" ಅಂದ. ಇಲ್ಲ ಅಂದೆ. ಅವನು ನಂಬಲಿಲ್ಲ.