ಭಾವನವರ ಸೆಸ್ನಾಗೆ ಬೆಲೆ ಕಟ್ಟಿದ್ದು

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಸುವ ನಮ್ಮ ಭಾವನವರಿಗೆ ಐವತ್ತು ದಾಟಿದ ಮೇಲೆ ವಿಮಾನದ ಹುಚ್ಚು ಹಿಡಿಯಿತು. ಖಾಸಗಿ ಪೈಲಟ್ ಲೈಸೆನ್ಸ್ ಪಡೆದರು, ಆಮೇಲೆ ಸ್ವಂತದ್ದೇ ಒಂದು ಬೇಕೆಂದರು. ವಿಮಾನ ರಿಪೇರಿಯಲ್ಲೇ ಕೂದಲು ನೆರೆಸಿಕೊಂಡವನೆಂದು ನನ್ನನ್ನು ಕರೆಸಿ, ಮೊಬೈಲಿನಲ್ಲಿ ಫೋಟೊ ತೋರಿಸಿದರು. 1976ರ ಸೆಸ್ನಾ 172 ಎಂ. ಕರಾವಳಿಯ ಒಂದು ತರಬೇತಿ ಸಂಸ್ಥೆಯದು. ಕೇಳುತ್ತಿದ್ದದ್ದು 62 ಲಕ್ಷ.

"ಬಣ್ಣ ನೋಡಪ್ಪ, ನಿನ್ನೆ ಕಾರ್ಖಾನೆಯಿಂದ ಬಂದ ಹಾಗಿದೆ."

ನನಗೆ ನಗು ಬಂತು. ಹೊಸ ಬಟ್ಟೆಯನ್ನು ಕಲ್ಲಿನ ಜೊತೆ ಒಗೆದು ಹಳೆಯದು ಮಾಡಿ ಮಾರುವವರು, ಹಳೆಯದಕ್ಕೆ ಬಳಿದ ಹೊಸ ಬಣ್ಣಕ್ಕೆ ಮರುಳಾಗಿದ್ದರು.

ನಾನು ಮೊದಲು ತರಿಸಿಕೊಂಡದ್ದು ಹಾರಾಟ, ರಿಪೇರಿಗಳನ್ನೆಲ್ಲ ಬರೆದಿಡುವ ಲಾಗ್ ಪುಸ್ತಕಗಳನ್ನು. ಈ ಮಾದರಿಯಲ್ಲಿರುವುದು 150 ಅಶ್ವಶಕ್ತಿಯ ಲೈಕಮಿಂಗ್ ಓ-320 ಎಂಜಿನ್. 2000 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಆಗ ಓವರ್‌ಹಾಲ್ ಮಾಡಿಸಿ, ಅಂದರೆ ಪೂರಾ ಬಿಚ್ಚಿ ಸವೆದದ್ದನ್ನು ಬದಲಿಸಿ ಮತ್ತೆ ಜೋಡಿಸಿ, ಎನ್ನುತ್ತದೆ ಕಂಪನಿ. ಓಡಿದ್ದು 1,640 ಗಂಟೆ, ಇನ್ನೂ 360 ಉಳಿದಿದೆ ಎಂದು ಮಾರುವವರು ಹೇಳಿಕೊಂಡಿದ್ದರು. ಓವರ್‌ಹಾಲ್ ಆದ ತಾರೀಖು ನೋಡಿದರೆ 14 ವರ್ಷ ಹಿಂದಿನದು! ಕೊನೆಯ ಮೂರು ವರ್ಷದಲ್ಲಿ ಹಾರಿದ್ದು ನಲವತ್ತು ಗಂಟೆಯೂ ಇಲ್ಲ. ದುಡಿದ ಎಂಜಿನ್ನಿಗಿಂತ ಸುಮ್ಮನೆ ನಿಂತದ್ದಕ್ಕೆ ನಾನು ಹೆಚ್ಚು ಹೆದರುತ್ತೇನೆ. ವಾಲ್ವ್‌ಗಳನ್ನು ತೆರೆಯುವ ದಂಡ ಕ್ಯಾಮ್‌ಶಾಫ್ಟ್, ಎಣ್ಣೆ ಜಾರಿ ಒಣಗಿದರೆ ಅದಕ್ಕೆ ತುಕ್ಕು ಹಿಡಿಯುತ್ತದೆ, ಹೊರಗಿನಿಂದ ಅದು ಕಾಣುವುದಿಲ್ಲ.

ಆದರೂ ಹೋಗಿ ನೋಡಿದೆವು. ಮೂಗಿನ ಚಕ್ರದ ಮೇಲೆ, ಎಂಜಿನ್ನಿನ ಹಿಂದಿನ ತಗಡಿನ ಗೋಡೆಗೆ ಟಾರ್ಚನ್ನು ಓರೆಯಾಗಿ ಹಿಡಿದೆ. ಸೀರೆಯ ನೆರಿಗೆಯಂತೆ ಎರಡು ಸುಕ್ಕು. ಯಾವನೋ ಶಿಷ್ಯ ಮೂಗಿನ ಮೇಲೆ ಇಳಿಸಿದ್ದಾನೆ. ಲಾಗಿನಲ್ಲಿ ಅದರ ಸುದ್ದಿಯೇ ಇರಲಿಲ್ಲ. ರೆಕ್ಕೆಯ ಅಂಚಿನಲ್ಲಿ ಬಣ್ಣದಡಿ ಹುಳು ಹರಿದಂತೆ ಎಳೆಗಳು, ಉಪ್ಪುಗಾಳಿಯ ಕೆಲಸ.

ಎಂಜಿನ್ ಬಿಸಿ ಮಾಡಿಸಿ, ಒಬ್ಬ ಪ್ರೊಪೆಲ್ಲರನ್ನು ಗಟ್ಟಿಯಾಗಿ ಹಿಡಿದುಕೊಂಡಿರಲು, ಎಷ್ಟು ಸೋರುತ್ತದೆಂದು ನೋಡಲು ಸಿಲಿಂಡರ್‌ಗಳಿಗೆ ಒಂದೊಂದಾಗಿ 80 ಪಿಎಸ್‌ಐ ಒತ್ತಡದ ಗಾಳಿ ಕೊಟ್ಟೆ. ಮೂರರಲ್ಲಿ 74ರಿಂದ 76ರವರೆಗೆ ನಿಂತಿತು, ನಾಲ್ಕನೆಯದರಲ್ಲಿ 58. ಹೊಗೆ ಕೊಳವೆಗೆ ಕಿವಿಯಿಟ್ಟರೆ ಸುಯ್ ಎಂಬ ಸದ್ದು. ಎಕ್ಸಾಸ್ಟ್ ವಾಲ್ವ್ ಸೋರುತ್ತಿದೆ. ಆ ಸದ್ದು ಎಣ್ಣೆ ಹಾಕುವ ಬಾಯಿಯಲ್ಲಿ ಕೇಳಿದ್ದರೆ ಪಿಸ್ಟನ್ ರಿಂಗುಗಳನ್ನು ಅನುಮಾನಿಸುತ್ತಿದ್ದೆ.

ಲೆಕ್ಕ ದೊಡ್ಡದೇನಲ್ಲ. ಇದೇ ಮಾದರಿಯ ಮೂರು ವಿಮಾನಗಳು ನಿಜವಾಗಿ ಕೈಬದಲಾದ ಬೆಲೆ ನನಗೆ ಗೊತ್ತಿತ್ತು. ಕೇಳಿದ ಬೆಲೆ ಯಾರಿಗೆ ಬೇಕು? ಎಂಜಿನ್ ಅರ್ಧ ಆಯುಸ್ಸಿನಲ್ಲಿದ್ದರೆ 55 ಲಕ್ಷ. ಓವರ್‌ಹಾಲಿಗೆ ಬಿಚ್ಚುವ, ಸಾಗಿಸುವ ಖರ್ಚೂ ಸೇರಿ 28 ಲಕ್ಷ ಹಿಡಿದೆ, ಎಂದರೆ ಗಂಟೆಗೆ 1,400 ರೂಪಾಯಿ. ಬರೀ ಗಂಟೆ ನೋಡಿದರೆ ಅರ್ಧಕ್ಕಿಂತ 640 ಹೆಚ್ಚು ಓಡಿದ್ದಕ್ಕೆ ಸುಮಾರು 9 ಲಕ್ಷ ಕಳೆಯಬೇಕು. ತಾರೀಖು ನೋಡಿದರೆ ಎಂಜಿನ್ನಿನ ಆಯುಸ್ಸೇ ಮುಗಿದಿದೆ, ಉಳಿದರ್ಧದ ಪೂರಾ 14 ಲಕ್ಷ ಹೋಗುತ್ತದೆ. ನಾನು ತಾರೀಖನ್ನೇ ಹಿಡಿದೆ. ಸೋರುವ ಸಿಲಿಂಡರಿಗೆ ಮತ್ತೆ ಕಳೆಯಲಿಲ್ಲ, ಅದು ಓವರ್‌ಹಾಲಿನಲ್ಲೇ ಬಂತು. ಒಂದೇ ದೋಷಕ್ಕೆ ಎರಡು ಸಲ ಕಳೆದರೆ ಎದುರಿನವನು ಮಾತು ನಿಲ್ಲಿಸುತ್ತಾನೆ. ಸುಕ್ಕಿಗೆ 4 ಲಕ್ಷ ತೆಗೆದು 37 ಎಂದೆ. ಅವರು 50ಕ್ಕೆ ಇಳಿದು ಅಲ್ಲೇ ಕುಳಿತರು. ಎದ್ದು ಬಂದೆವು. ಭಾವನವರು ಹೊಸಪೇಟೆ ಬರುವವರೆಗೆ ನನ್ನ ಜೊತೆ ಮಾತಾಡಲಿಲ್ಲ.

ಏಳು ತಿಂಗಳ ಮೇಲೆ ಇನ್ನೊಂದು 172 ಎಂ ಸಿಕ್ಕಿತು. ಓವರ್‌ಹಾಲ್ ಆಗಿ ಆರು ವರ್ಷ, 900 ಗಂಟೆ, ವಾರಕ್ಕೆರಡು ಸಲ ಹಾರುತ್ತಿದ್ದದ್ದು. ಹಳೆಯ ರೇಡಿಯೊ, ಅಲ್ಲಲ್ಲಿ ಎದ್ದ ಬಣ್ಣ. 53 ಲಕ್ಷಕ್ಕೆ ಕೊಡಿಸಿದೆ. ಭಾವನವರು ಇನ್ನೂ ಬಣ್ಣ ಹೊಡೆಸಿಲ್ಲ. ಕೇಳಿದವರಿಗೆಲ್ಲ ಅದು ಸ್ಟೋನ್‌ವಾಶ್ ಎನ್ನುತ್ತಾರೆ.