ಖಣದ ಪೌಚ್, ಲೆಕ್ಕದ ಪುಸ್ತಕ ಮತ್ತು ನಮ್ಮ ಗುಂಪು

ಬಾಗಲಕೋಟೆಯಲ್ಲಿ ಡಿಗ್ರಿ ಓದುವಾಗ ನಾವು ಒಂದಿಷ್ಟು ಜನ ಸೇರಿ ಗುಳೇದಗುಡ್ಡ ಖಣದಿಂದ, ಅಂದರೆ ಇಳಕಲ್ ಸೀರೆಯ ಜೊತೆ ಹಾಕುವ ಕುಬಸದ (ರವಿಕೆಯ) ಬಟ್ಟೆಯಿಂದ, ಪೌಚ್, ಡೈರಿ ಕವರ್ ಮಾಡಿ ಮಾರುತ್ತಿದ್ದೆವು. ಈಗಲೂ ಜೂನಿಯರ್‌ಗಳು ಫೋನ್ ಮಾಡಿ, "ಅಕ್ಕಾ, ಹೆಂಗ ಶುರು ಮಾಡಿದ್ರಿ?" ಅಂತ ಕೇಳುತ್ತಾರೆ. ಶುರು ಮಾಡುವುದೇನೂ ದೊಡ್ಡ ಮಾತಲ್ಲ. ಕಾಲೇಜಿನ ಗ್ಯಾದರಿಂಗ್‌ಗೆ ಪ್ರತಿ ವರ್ಷ ಹುಡುಗರು ಸಾಲುಸಾಲಾಗಿ ಸ್ಟಾಲ್ ಹಾಕುತ್ತಾರೆ. ಮುಂದಿನ ವಾರ ಆ ಗುಂಪುಗಳು ಎಲ್ಲಿವೆ ಅಂತ ಹುಡುಕಿದರೂ ಸಿಗುವುದಿಲ್ಲ. ನಮ್ಮದು ಉಳಿಯಿತು. ಹೇಗೆ ಅನ್ನುವುದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಗುಳೇದಗುಡ್ಡ ನಮ್ಮ ಜಿಲ್ಲೆಯದೇ ಊರು. ಬಸ್ ಹತ್ತಿದರೆ ತಾಸಿನೊಳಗೆ ಮುಟ್ಟಬಹುದು. ಇಳಕಲ್ ಸೀರೆ ಉಡುವ ಮನೆಯಲ್ಲಿ ಖಣ ಇದ್ದೇ ಇರುತ್ತದೆ. ಆದರೆ ನಮ್ಮ ಕ್ಲಾಸಿನಲ್ಲಿ ಖಣದ ಕುಬಸ ಹಾಕುವವರು ಯಾರೂ ಇರಲಿಲ್ಲ. ಮೂಲೆಗೆ ಮೂಲೆ ಕೂಡಿಸಿ ಮಡಿಸಿದ ಖಣಗಳು ಅವ್ವಂದಿರ ಟ್ರಂಕಿನಲ್ಲಿ ಸುಮ್ನೆ ಬಿದ್ದಿದ್ದವು. ಮೊದಲು ಕತ್ತರಿ ಹಾಕಿದ್ದು ಅವಕ್ಕೇ. ಅವು ಖಾಲಿಯಾದ ಮೇಲೆ ನೇಕಾರರ ಮನೆಗೆ ಹೋದೆವು. ತೇರು, ಆನೆಹೆಜ್ಜೆ, ಕಳಾವರ ಅಂತ ಒಂದೊಂದು ಡಿಸೈನಿಗೂ ಒಂದೊಂದು ಹೆಸರು ಇರುವುದು ನಮಗೆ ಗೊತ್ತಾಗಿದ್ದೇ ಅಲ್ಲಿ.

ಖಣ ಕತ್ತರಿಸುವುದರಲ್ಲಿ ಒಂದು ಸೂಕ್ಷ್ಮ ಇದೆ. ದಡಿ, ಅಂದರೆ ಬಾರ್ಡರ್, ಇರುವುದು ಬಟ್ಟೆಯ ಎರಡು ಅಂಚಿನಲ್ಲಿ ಮಾತ್ರ. ಪೌಚಿನ ಬಾಯಿಗೆ ದಡಿ ಬಂದರೇ ಅದಕ್ಕೆ ಕಳೆ. ಹಾಗಾಗಿ ಎರಡೂ ಅಂಚಿನಿಂದ ಒಳಗೆ ಅಳತೆ ಹಿಡಿದು ಕತ್ತರಿಸಬೇಕು. ಒಂದು ಖಣದಲ್ಲಿ ದಡಿ ಇರುವ ಪೌಚ್ ಆರು ಬಂದರೆ ಹೆಚ್ಚು. ನಡುವೆ ಒಂದು ಉದ್ದನೆಯ ಪಟ್ಟಿ ಉಳಿಯುತ್ತದೆ. ಅದನ್ನು ಬಿಸಾಡಿದರೆ ಲಾಭವನ್ನೇ ಬಿಸಾಡಿದ ಹಾಗೆ. ಬೀಳಗಿ ಕಡೆಯ ಹುಡುಗನೊಬ್ಬ ಆ ಪಟ್ಟಿಯನ್ನು ಸಾದಾ ಕಾಟನ್ ಬಟ್ಟೆಯ ನಡುವೆ ಕೂಡಿಸಿ ಡೈರಿ ಕವರ್ ಮಾಡಿ ತೋರಿಸಿದ. ಕೊನೆಗೆ ಪೌಚಿಗಿಂತ ಅದೇ ಜಾಸ್ತಿ ಹೋಗತೊಡಗಿತು. ಇನ್ನೊಂದು ಮಾತು: ಕತ್ತರಿಸಿದ ಕೂಡಲೇ ಖಣದ ಎಳೆ ಬಿಚ್ಚತೊಡಗುತ್ತದೆ. ಹಿಂದೆ ಅಂಟುವ ಕ್ಯಾನ್ವಾಸ್ ಇಟ್ಟು ಇಸ್ತ್ರಿ ಒತ್ತಿ, ಆಮೇಲೆ ಕತ್ತರಿ ಹಾಕಬೇಕು. ಇದನ್ನು ಹೇಳಿಕೊಟ್ಟವಳು ಹಾಸ್ಟೆಲಿನಲ್ಲಿದ್ದ ಹುನಗುಂದದ ಹುಡುಗಿ. ಅವಳ ಅವ್ವ ಟೇಲರ್.

ಕಾಲೇಜಿನವರು ನಮಗೆ ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ ಅಂತ ಪಟ್ಟಿ ಮಾಡಿಸಿದರು. ಸ್ಟೇಜ್ ಮೇಲೆ ಹೆದರದೆ ಮಾತಾಡುತ್ತಿದ್ದೆ ಅಂತ ನನ್ನನ್ನು ಅಧ್ಯಕ್ಷೆ ಮಾಡಿದರು. ಆ ಪದವಿ ಫೋಟೋಗೆ ಬಿಟ್ಟರೆ ಯಾವುದಕ್ಕೂ ಬರಲಿಲ್ಲ. ಗುಂಪಿನಲ್ಲಿ ಮಾತು ನಡೆಯುತ್ತಿದ್ದದ್ದು ಆ ಹುನಗುಂದದ ಹುಡುಗಿಯದು, ಯಾಕೆಂದರೆ ಲೆಕ್ಕದ ಪುಸ್ತಕ ಅವಳ ಕೈಯಲ್ಲಿತ್ತು. ಅವಳು ಮಾಡಿದ ಕ್ರಮ ಇಷ್ಟೇ: ಮಾರಿದ ದುಡ್ಡಿನಲ್ಲಿ ಮೊದಲು ನೇಕಾರರ ಬಾಕಿ, ಆಮೇಲೆ ಹೊಲಿದವರಿಗೆ ಪೀಸಿನ ಲೆಕ್ಕದಲ್ಲಿ ಕೂಲಿ, ಉಳಿದರೆ ಸೆಮಿಸ್ಟರ್ ಕೊನೆಗೆ ಹಂಚಿಕೆ. ಕ್ಯೂಆರ್ ಕೋಡ್ ಒಬ್ಬರ ಖಾತೆಯದು ಇರುತ್ತದೆ ಅಲ್ವಾ, ಅನುಮಾನ ಹುಟ್ಟುವುದೇ ಅಲ್ಲಿ. ಅದಕ್ಕೆ ಪ್ರತಿ ಶನಿವಾರ ಎಲ್ಲರೆದುರು ಫೋನ್ ತೆಗೆದು ಜಮೆ ಓದಬೇಕಿತ್ತು. ಓದುವವರು ಪ್ರತಿ ಸಲ ಬೇರೆ. ಗುಂಪು ಒಡೆಯುವುದು ಜಗಳದಿಂದಲ್ಲ, ದುಡ್ಡಿನ ಬಗ್ಗೆ ಕೇಳಲು ನಾಚಿಕೊಳ್ಳುವುದರಿಂದ ಅಂತ ನನಗೆ ಈಗಲೂ ಅನಿಸುತ್ತದೆ. ಶನಿವಾರದ ಈ ಓದು ಮುಗಿದ ಮೇಲೆ ಯಾರೂ ಏಳುತ್ತಿರಲಿಲ್ಲ. ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿಕೊಂಡು ಕೂತರೆ ವಾರ್ಡನ್ ಬಂದು ಎಬ್ಬಿಸಬೇಕು.

ಉದ್ರಿ ಕಾಟ ಮಾತ್ರ ವಿಪರೀತ. ಗೆಳೆಯರು, "ನಾಳೆ ಕೊಡ್ತೀನಿ ಬಿಡು" ಅನ್ನುತ್ತಾರೆ. ಹುನಗುಂದದವಳು ಉದ್ರಿ ಬೇಡ ಅನ್ನುತ್ತಿರಲಿಲ್ಲ, ಹೆಸರು ಬರೆದು ಪುಸ್ತಕವನ್ನು ಸ್ಟಾಲಿನ ಮೇಲೆ ತೆರೆದೇ ಇಡುತ್ತಿದ್ದಳು. ಒಬ್ಬ ಸರ್ ತಮ್ಮ ಹೆಸರು ಕಂಡು ನಿಂತಲ್ಲೇ ಫೋನ್‌ಪೇ ಮಾಡಿದರು.

ಬಾದಾಮಿಯ ಬನಶಂಕರಿ ಜಾತ್ರೆಗೂ ಹೋದೆವು. ಬನದ ಹುಣ್ಣಿಮೆಗೆ (ಪುಷ್ಯ ಮಾಸದ ಹುಣ್ಣಿಮೆ) ಶುರುವಾಗುವ ಜಾತ್ರೆ, ಸುತ್ತಲಿನ ಜಿಲ್ಲೆಗಳ ಜನ ಸೇರುತ್ತಾರೆ. ಅಲ್ಲಿ ಖಣ ಅಂದರೆ ದೇವಿಗೆ ಉಡಿ ತುಂಬುವ ವಸ್ತು. ಒಬ್ಬ ವಯಸ್ಸಾದ ಹೆಂಗಸು ಪೌಚ್ ಎತ್ತಿ ಹಿಡಿದು, "ಉಡಿ ತುಂಬು ಖಣಾನ ಕತ್ತರಿಸಿ ಚೀಲಾ ಮಾಡೀರಲ್ಲ!" ಅಂತ ಬೈದರು. ನಾನು ಏನು ಹೇಳಬೇಕೋ ಯೋಚಿಸುತ್ತಿದ್ದೆ. ಹುನಗುಂದದವಳು, "ಕುಬಸಾ ಹೊಲಿಯಾಕೂ ಕತ್ತರಿಸಬೇಕಲ್ಲ ಆಯಿ" ಅಂದಳು. ಅವರು ನಕ್ಕುಬಿಟ್ಟರು. ಕುಂಕುಮದ ಡಬ್ಬಿ ಇಡಲು ಬೇಕು ಅಂತ ಒಂದು ತಗೊಂಡರು, ಅದೂ ಚೌಕಾಸಿ ಮಾಡಿ.

ಒಂದು ಸಲ ಒಬ್ಬರು ಕಾರ್ಯಾಗಾರಕ್ಕೆ ಕೊಡಲು ಒಂದೇ ಬಣ್ಣದ ಫೈಲ್ ಚೀಲಗಳ ದೊಡ್ಡ ಆರ್ಡರ್ ತಂದರು. ನಾವೆಲ್ಲ ಕುಣಿದಾಡಿದೆವು. ಹುನಗುಂದದವಳು ಮಾತ್ರ ಮೊದಲು ನೇಕಾರ ಕಾಕಾಗೆ ಫೋನ್ ಹಚ್ಚಿದಳು. ಮಗ್ಗದ ಮೇಲೆ ಆಗ ಇದ್ದದ್ದು ಬೇರೆ ಬಣ್ಣದ ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು. ಅದು ಮುಗಿಯಬೇಕು, ಹೊಸ ಹಾಸಿನ ಎಳೆಗಳನ್ನು ಹಳೆಯದಕ್ಕೆ ಒಂದೊಂದಾಗಿ ಕೆಚ್ಚಿ ಜೋಡಿಸಬೇಕು, ಆಮೇಲೆ ನೇಯ್ಗೆ. "ಅವಸರಾ ಮಾಡಿದ್ರ ಆಗೂದಿಲ್ಲ ತಂಗಿ" ಅಂದರು ಕಾಕಾ. ಆರ್ಡರ್ ತಂದವರು, ಪವರ್‌ಲೂಮ್ ಬಟ್ಟೆ ಹಾಕಿ, ಯಾರಿಗೆ ಗೊತ್ತಾಗುತ್ತದೆ ಅಂದರು. ನಮ್ಮಲ್ಲೂ ಅರ್ಧ ಜನಕ್ಕೆ ಅದು ಸರಿ ಅನಿಸಿತ್ತು. ಪವರ್‌ಲೂಮ್ ಬಟ್ಟೆ ಮಾರುವುದು ತಪ್ಪಲ್ಲ, ನಮ್ಮ ಮಾಲಿಗೆ ಹಚ್ಚುವ ಚೀಟಿಯ ಮೇಲೆ "ಕೈಮಗ್ಗ" ಅಂತ ಬರೆದಿತ್ತಲ್ಲ, ತಕರಾರು ಅಲ್ಲಿತ್ತು. ಒಂದು ಸಂಜೆಯಿಡೀ ವಾದ ನಡೆಯಿತು. ಕೊನೆಗೆ ಅವಳು ಪುಸ್ತಕ ತೆಗೆದು, ಈ ಆರ್ಡರಿನಲ್ಲಿ ತಲೆಗೆ ಎಷ್ಟು ಬರುತ್ತದೆ, ಪರೀಕ್ಷೆಯ ಹೊತ್ತಿಗೆ ಎಷ್ಟು ರಾತ್ರಿ ಹೊಲಿಯಬೇಕು ಅಂತ ಲೆಕ್ಕ ಹಾಕಿ ತೋರಿಸಿದಳು. ವಾದ ನಿಂತಿತು. ಆರ್ಡರ್ ಆಗಲ್ಲ ಅಂತ ಫೋನಿನಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅಧ್ಯಕ್ಷೆ ಆಗಿದ್ದಕ್ಕೆ ಅದೊಂದು ಕೆಲಸ ಸಿಕ್ಕಿತು ಅನ್ನಿ.

ಹೊಸದಾಗಿ ಶುರು ಮಾಡುವವರು ಹೊಲಿಗೆ ಮಷೀನ್ ಯಾರದು ಅಂತ ಮೊದಲೇ ಬರೆದಿಟ್ಟುಕೊಳ್ಳಿ. ನಮ್ಮದು ಗುಂಪಿನ ದುಡ್ಡಿನಲ್ಲಿ ತಂದ ಸೆಕೆಂಡ್‌ಹ್ಯಾಂಡ್ ಮಷೀನ್. ಕಾಲೇಜು ಬಿಡುವವರು ತಮ್ಮ ಪಾಲು ಕೇಳಬಾರದು ಅಂತ ಪುಸ್ತಕದ ಮೊದಲ ಪುಟದಲ್ಲೇ ಬರೆದಿತ್ತು. ಹಾಗಾಗಿ ನಾವು ಹೊರಬಿದ್ದ ಮೇಲೂ ಮಷೀನ್ ಹಾಸ್ಟೆಲಿನಲ್ಲೇ ಉಳಿಯಿತು, ಮುಂದಿನ ಖಣಕ್ಕೆ ಬೇಕಾಗುವಷ್ಟು ದುಡ್ಡೂ ಉಳಿಯಿತು. ಈಗಿನವರು ಇಳಕಲ್ ಸೀರೆಯ ಸೆರಗಿನಿಂದ ಲ್ಯಾಪ್‌ಟಾಪ್ ಚೀಲ ಮಾಡುತ್ತಿದ್ದಾರಂತೆ. ಸೆರಗಿಗೆ ಕತ್ತರಿ ಹಾಕುವುದು ನನಗೆ ಅಷ್ಟು ಸರಿಬರುವುದಿಲ್ಲ. ಆದರೆ ಅವರು ನನ್ನನ್ನು ಕೇಳಿಲ್ಲ, ಕೇಳಬೇಕಾಗಿಯೂ ಇಲ್ಲ.