ಲಕ್ವ ಹೊಡೆದವರಿಗೆ ಅಂಗಿ ತೊಡುವುದನ್ನು ಕಲಿಸುವ ಕ್ರಮ: ರಿಹ್ಯಾಬ್ ವಾರ್ಡಿನ ಹೊಸ ಓಟಿಗಳಿಗೆ (ಆಕ್ಯುಪೇಷನಲ್ ಥೆರಪಿಸ್ಟರಿಗೆ)

ಹತ್ತು ಗಂಟೆಗೆ ಓಟಿ ಕೋಣೆಯಲ್ಲಿ ಕೂತು ರೋಗಿಗಾಗಿ ಕಾಯಬೇಡಿ. ಅಷ್ಟು ಹೊತ್ತಿಗೆ ಮನೆಯವರು ಮುಖ ತೊಳೆಸಿ, ಬಟ್ಟೆ ಹಾಕಿಸಿ, ತಿಂಡಿ ತಿನ್ನಿಸಿ ಮುಗಿಸಿರುತ್ತಾರೆ. ಕಲಿಸಬೇಕಾದ ಕೆಲಸವೆಲ್ಲ ನಿಮ್ಮ ಕಣ್ಣಿಗೆ ಬೀಳದೆ ಆಗಿಹೋಗಿರುತ್ತದೆ. ಬೆಳಗ್ಗೆ ಸ್ಪಂಜ್ ಮುಗಿಯುವ ಹೊತ್ತಿಗೆ ಮಂಚದ ಪಕ್ಕ ಇರಿ. ಆಸ್ಪತ್ರೆಯ ಗೌನ್ ಬೇಡ, ಮನೆಯಲ್ಲಿ ಹಾಕುತ್ತಿದ್ದ ಬಟ್ಟೆಯನ್ನೇ ತರಿಸಿ.

ಇಲ್ಲಿ ಹೇಳುವುದು ಎಡಗೈ ಎಡಗಾಲು ಬಿದ್ದುಹೋದವರ ವಿಚಾರ. ಬಲಗಡೆಯಾದರೆ ಬದಿ ಬದಲಿಸಿಕೊಳ್ಳಿ. ಅಂಥವರಲ್ಲಿ ಹಲವರಿಗೆ ಮಾತೂ ತೊಡರುತ್ತದೆ, ಆಗ ಬಾಯಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸುವುದು ಮೇಲು.

ಮೊದಲು ಬಿಪಿ. ಮಲಗಿದ್ದಾಗ ಒಮ್ಮೆ, ಕೂರಿಸಿ 1 ನಿಮಿಷಕ್ಕೆ ಮತ್ತೆ 3 ನಿಮಿಷಕ್ಕೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ, ಇಲ್ಲವೇ ಕಣ್ಣು ಕತ್ತಲೆ ಬಂತೆಂದರೆ, ಮಲಗಿಸಿ ನರ್ಸಿಗೆ ತಿಳಿಸಿ. ಅಂಗಿ ಸಂಜೆಗೂ ಆಗುತ್ತದೆ.

ಕೂರಿಸುವ ಜಾಗದಲ್ಲೇ ಅರ್ಧ ಕೆಲಸ ಕೆಡುವುದು. ಮಂಚ ಎತ್ತರವಿದ್ದು ಪಾದ ನೇತಾಡುತ್ತಿದ್ದರೆ, ಅಥವಾ ಗಾಳಿ ಹಾಸಿಗೆ ಒಂದು ಕಡೆ ಕುಸಿಯುತ್ತಿದ್ದರೆ, ರೋಗಿಯ ಗಮನವೆಲ್ಲ ಬೀಳದೆ ಇರುವುದರಲ್ಲೇ ಹೋಗುತ್ತದೆ. ಕೈಯಿರುವ ಗಟ್ಟಿ ಕುರ್ಚಿಗೆ ಬದಲಿಸಿ. ಎರಡೂ ಪಾದ ನೆಲಕ್ಕೆ ಪೂರ್ತಿ ಊರಿರಲಿ, ಮೊಣಕಾಲು ಸುಮಾರು 90 ಡಿಗ್ರಿ ಮಡಿಸಿರಲಿ. ನೀವು ನಿಲ್ಲಬೇಕಾದದ್ದು ಎಡಗಡೆ, ಬೀಳುವ ಕಡೆ.

ಈಗ ಅಂಗಿ. ಮೊದಲ ದಿನಗಳಿಗೆ ಸಡಿಲವಾದ, ಮುಂದೆ ಗುಂಡಿಯಿರುವ ಅರ್ಧ ತೋಳಿನದು. ಒಳಮೈ ಮೇಲೆ ಬರುವಂತೆ, ಕಾಲರ್ ಹೊಟ್ಟೆಯ ಕಡೆಗಿರುವಂತೆ ತೊಡೆಯ ಮೇಲೆ ಹಾಸಿ. ಅಂಗಿಯ ಎಡತೋಳು ಮೊಣಕಾಲುಗಳ ನಡುವೆ ಇಳಿಬೀಳಲಿ. ರೋಗಿ ಬಲಗೈಯಿಂದ ಎಡ ಮಣಿಕಟ್ಟು ಹಿಡಿದು, ಮುಂದಕ್ಕೆ ಬಾಗಿ, ಕೈಯನ್ನು ತೋಳಿನೊಳಗೆ ಇಳಿಬಿಡುತ್ತಾರೆ. ಹಾಗೆ ಬಾಗಿದಾಗ ಬಿಗಿದುಕೊಂಡ ಮೊಣಕೈ ತಾನಾಗಿ ಸ್ವಲ್ಪ ಸಡಿಲಾಗುತ್ತದೆ, ಎಳೆದಾಡುವ ಅಗತ್ಯ ಕಡಿಮೆ. ಮುಂದಿನ ಹೆಜ್ಜೆಯೇ ಮುಖ್ಯ: ಬಟ್ಟೆಯನ್ನು ಮೊಣಕೈ ದಾಟಿಸಿ ಭುಜದ ತನಕ ಏರಿಸಬೇಕು. ಮುಂಗೈಯಲ್ಲೇ ಬಿಟ್ಟು ಹಿಂದಕ್ಕೆ ಎಳೆದರೆ ತೋಳು ಜಾರಿ ಹೊರಬಂದು ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಹೆಚ್ಚಿನವರು ಸೋಲುವುದು ಇಲ್ಲೇ. ಆಮೇಲೆ ಕಾಲರ್ ಹಿಡಿದು ಕತ್ತಿನ ಹಿಂದಿನಿಂದ ಬಲಕ್ಕೆ ತಂದು ಬಲಗೈ ತೂರಿಸುವುದು. ಗುಂಡಿ ಕೆಳಗಿನಿಂದ ಮೇಲಕ್ಕೆ: ಕೆಳಗಿನದು ಕಣ್ಣಿಗೆ ಕಾಣುತ್ತದೆ, ಮೇಲುಕೆಳಗಾಗುವುದಿಲ್ಲ. ಬಿಚ್ಚುವಾಗ ಕ್ರಮ ತಿರುಗುಮುರುಗು, ಸರಿಯಿರುವ ಕೈ ಮೊದಲು.

ಕಂಕುಳಿಗೆ ಕೈ ಹಾಕಿ ಎತ್ತುವುದು, ಬಿದ್ದ ಕೈಯನ್ನು ಹಿಡಿದೆಳೆಯುವುದು ಎರಡನ್ನೂ ವಾರ್ಡಿನಲ್ಲಿ ಯಾರೂ ಮಾಡದಂತೆ ನೋಡಿಕೊಳ್ಳಿ. ಸ್ನಾಯು ಸಡಿಲಾಗಿರುವಾಗ ಭುಜದ ಕೀಲು ಕೆಳಗೆ ಜಾರಿರುತ್ತದೆ. ಒಮ್ಮೆ ನೋವು ಹಿಡಿದರೆ ರೋಗಿ ಆ ಕೈ ಮುಟ್ಟಲೂ ಬಿಡುವುದಿಲ್ಲ.

ಕೆಲವರಿಗೆ ಎಡಗಡೆ ಇದೆ ಎಂಬುದೇ ಮರೆತಿರುತ್ತದೆ. ತಟ್ಟೆಯ ಎಡಭಾಗದ ಉಪ್ಪಿಟ್ಟು ಹಾಗೇ ಉಳಿದಿದ್ದರೆ ಅನುಮಾನ ಪಡಿ. ಇದು ಸೋಮಾರಿತನವೂ ಅಲ್ಲ, ಹಟವೂ ಅಲ್ಲ; ಮನೆಯವರಿಗೆ ಬಿಡಿಸಿ ಹೇಳಿ. ಅಂಗಿಯ ಎಡತೋಳಿನ ಅಂಚಿಗೆ ಕೆಂಪು ಟೇಪ್ ಹಚ್ಚಿ, "ಕೆಂಪು ಎಲ್ಲಿದೆ ಹುಡುಕಿ" ಎನ್ನಿ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರ ತನಕ ಎಣಿಸಿ. ಆಗಲೂ ಆಗದಿದ್ದರೆ ಬೆರಳು ತೋರಿಸಿ, ಆಮೇಲೆ ಮಾತು, ಆಮೇಲೆ ಮುಟ್ಟಿ ತೋರಿಸುವುದು, ಕೊನೆಗೆ ಕೈ ಹಿಡಿದು ಮಾಡಿಸುವುದು.

ಲುಂಗಿ ಒಂದೇ ಕೈಯಲ್ಲಿ ಕಟ್ಟಿಕೊಳ್ಳಲು ಬಲು ಕಷ್ಟ, ನಡೆಯುವಾಗ ಕಾಲಿಗೂ ತೊಡರುತ್ತದೆ. ಎಲಾಸ್ಟಿಕ್ ಇರುವ ಚಡ್ಡಿ ಅಥವಾ ಟ್ರ್ಯಾಕ್ ಪ್ಯಾಂಟ್ ಒಳ್ಳೆಯದು. ಕೂತೇ ಎಡಗಾಲನ್ನು ಬಲತೊಡೆಯ ಮೇಲಿಟ್ಟು ಮೊದಲು ಅದನ್ನು ತೂರಿಸುವುದು, ಆಮೇಲೆ ಬಲಗಾಲು, ಸೊಂಟಕ್ಕೆ ಏರಿಸಲು ಮಾತ್ರ ನಿಲ್ಲುವುದು. ಹೆಂಗಸರಿಗೆ ಮುಂದೆ ಜಿಪ್ ಇರುವ ನೈಟಿ, ರವಿಕೆಗೆ ಹುಕ್ ಬದಲು ವೆಲ್ಕ್ರೋ. ನೆರಿಗೆ ಹೊಲಿದಿಟ್ಟ ಸೀರೆಯೂ ಆಗಬಹುದು, ಆದರೆ ಕೆಲವರು ಮುಖ ಸಿಂಡರಿಸುತ್ತಾರೆ. ಒತ್ತಾಯಿಸಬೇಡಿ.

ಮನೆಯವರಿಗೆ "ಸಹಾಯ ಮಾಡಬೇಡಿ" ಎಂದರೆ ಬೇಜಾರಾಗುತ್ತಾರೆ, ನೀವು ಅತ್ತ ತಿರುಗುತ್ತಲೇ ತೋಳು ಎಳೆದು ಹಾಕಿಬಿಡುತ್ತಾರೆ. ಅದರ ಬದಲು ಕೆಲಸ ಕೊಡಿ: "ಅಮ್ಮಾ, ಬಟ್ಟೆಯನ್ನು ಹಾಕುವ ಕ್ರಮದಲ್ಲೇ ಜೋಡಿಸಿಕೊಡಿ, ಎಷ್ಟು ನಿಮಿಷ ಆಯಿತು ಬರೆದಿಡಿ."

ಕೇಸ್ ಶೀಟಿನಲ್ಲಿ ಬಾರ್ಥೆಲ್ ಸೂಚ್ಯಂಕದ (ದಿನನಿತ್ಯದ ಕೆಲಸಗಳನ್ನು ರೋಗಿ ಎಷ್ಟು ತಾವೇ ಮಾಡಿಕೊಳ್ಳುತ್ತಾರೆ ಎಂದು ಅಂಕ ಹಾಕುವ ಪಟ್ಟಿ) ಡ್ರೆಸ್ಸಿಂಗ್, ಅಂದರೆ ಬಟ್ಟೆ ಹಾಕಿಕೊಳ್ಳುವ ಸಾಲಿಗೆ 0, 5, 10 ಇಷ್ಟೇ ಇರುವುದು. ಅರ್ಧ ಕೆಲಸ ತಾವೇ ಮಾಡಿಕೊಂಡವರಿಗೆ 5, ಬರೀ ಗುಂಡಿ ಉಳಿದವರಿಗೂ 5. ಆದ್ದರಿಂದ ಪಕ್ಕದಲ್ಲಿ ಬರೆಯಿರಿ: "ಎಡತೋಳು ಮೊಣಕೈವರೆಗೆ ತಾವೇ, ಎರಡು ಸಲ ಹೇಳಬೇಕಾಯಿತು, 14 ನಿಮಿಷ." ಸಂಜೆಯ ಪಾಳಿಯವರಿಗೆ ಉಪಯೋಗಕ್ಕೆ ಬರುವುದು ಇದೇ ಸಾಲು.

ಒಂಬತ್ತಕ್ಕೆ ಫಿಸಿಯೋ ಇದ್ದು, ಬಟ್ಟೆಯಲ್ಲೇ ಮುಕ್ಕಾಲು ಗಂಟೆ ಕಳೆದು ಸುಸ್ತಾಗುತ್ತಿದ್ದರೆ ಆ ವಾರ ಅಂಗಿ ಮಾತ್ರ ರೋಗಿಗೆ ಬಿಡಿ, ಪ್ಯಾಂಟನ್ನು ಮನೆಯವರು ಹಾಕಲಿ. ಅಂಗಿ ಕಾಲು ಗಂಟೆಯೊಳಗೆ ಮುಗಿಯತೊಡಗಿದ ಮೇಲೆ ಪ್ಯಾಂಟ್ ಸೇರಿಸಿ.